ಬಂದಾನು, ಬರಬಹುದು

ಶಿರಸಿ,
ಆಗಸ್ಟ್ ತಿಂಗಳ ಮಳೆ

ಪ್ರೀತಿಯ ತಂಗಿಗೆ,

ನಿನ್ನ ಕಥೆ ಕೈಸೇರಿ ಹನ್ನೆರಡು ದಿನ ಆಯಿತು. ಮೂರು ಸಲ ಓದಿದೆ. ತಡ ಆಗಿದ್ದು ಕಥೆಯಿಂದ ಅಲ್ಲ, ಅದರ ಜೊತೆ ನೀನಿಟ್ಟ ಚೀಟಿಯಿಂದ. "ನಾನಿನ್ನು ಬರೆಯದೇ ಇರಬಹುದು" ಅಂತ ಬರೆದಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ.

ಕಥೆ ಎಷ್ಟು ಪುಟ ಇರಬೇಕು, ಯಾರಿಗೆ ಕಳಿಸಬೇಕು, ಹೆಸರು ಬದಲಿಸಬೇಕಾ ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಕೊಟ್ಟಾರು. ನನಗೆ ಹೇಳುವುದಕ್ಕೆ ಇರುವುದು ಒಂದೇ. ನಿನ್ನ ಕ್ರಿಯಾಪದಗಳ ಬಾಲ ನೋಡು.

ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ, ನಿನ್ನ ಆ ತಾಯಿ ಕೂತಿದ್ದಾಳೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಮೀನು ಬೋಟುಗಳಿಗೆ ಬಂದ್. ಮನೆಯಲ್ಲಿ ಕಾಸಿಲ್ಲ. ಬಂದ್ ಮುಗಿದ ಮೊದಲ ದಿನವೇ ಮಗ ಕಡಲಿಗೆ ಹೋಗಿದ್ದಾನೆ, ಗಾಳಿ ಎದ್ದಿದೆ. ಇಷ್ಟನ್ನು ಎಷ್ಟು ಚೆನ್ನಾಗಿ ತಂದಿದ್ದೀಯ! ಓದುವಾಗ ಮೈ ಜುಮ್ಮೆಂದಿತು. ಆಮೇಲೆ ಅವಳ ಬಾಯಲ್ಲಿ "ಅವನು ಬರಬಹುದು" ಅಂತ ಹಾಕಿಬಿಟ್ಟೆ. ಯಾಕೆ ತಂಗೀ?

ಬಹುದು ಅನ್ನುವುದಕ್ಕೆ ಮುಖ ಇಲ್ಲ. ನಾನು ಬರಬಹುದು, ಅವಳು ಬರಬಹುದು, ಬೋಟು ಬರಬಹುದು, ಕರೆಂಟ್ ಬಿಲ್ಲೂ ಬರಬಹುದು. ಯಾರ ಮಾತಾದರೂ ಅದು ಹಾಗೇ ಇರುತ್ತದೆ. ಬಂದಾನು ಅಂದು ನೋಡು. ಬಂದಾಳು, ಬಂದೀತು, ಬಂದೇನು. ಇಲ್ಲಿ ಬರುವವರು ಯಾರು ಅನ್ನುವುದು ಕ್ರಿಯಾಪದದೊಳಗೇ ಇದೆ. ಶಾಲೆಯಲ್ಲಿ ಸಂಭಾವನಾರ್ಥಕ ಅಂತ ಬಾಯಿಪಾಠ ಮಾಡಿ ಮರೆತೆವು, ಅಲ್ವಾ? ಮಗು ಜಗಲಿಯ ಅಂಚಿಗೆ ಹೋದರೆ ತಾಯಿ "ಬಿದ್ದೀಯ!" ಅಂತ ಕೂಗುತ್ತಾಳೆ. "ನೀನು ಬೀಳಬಹುದು" ಅಂತ ಯಾವ ತಾಯಿಯೂ ಕೂಗಿದ್ದನ್ನು ನಾನು ಕೇಳಿಲ್ಲ.

ಇದು ನನಗೆ ಯಾಕೆ ಇಷ್ಟು ಚುಚ್ಚುತ್ತದೆ ಅಂತ ಹೇಳುತ್ತೇನೆ. ನನ್ನ ಅಣ್ಣ ಮುಂಬೈಗೆ ಹೋದವನು ಎಂಟು ವರ್ಷ ಕಾಗದ ಹಾಕಲಿಲ್ಲ. ಅಮ್ಮ ರಾತ್ರಿ ಚಿಮಣಿ ಆರಿಸಲು ಬಿಡುತ್ತಿರಲಿಲ್ಲ. ನನ್ನ ಮೊದಲ ಕಥೆಯಲ್ಲಿ ಅವಳ ಮಾತನ್ನು ಹಾಗೇ ಇಟ್ಟಿದ್ದೆ: "ಬಂದಾನು, ದೀಪ ಆರಿಸಬೇಡ." ಅಚ್ಚಾಗಿ ಬಂದಾಗ ಅದು "ಬರಬಹುದು, ದೀಪ ಆರಿಸಬಾರದು" ಅಂತ ಆಗಿತ್ತು. ಸಂಪಾದಕರು ತಿದ್ದಿದ್ದರು. ಬೇಡ ಅನ್ನುವುದು ಎದುರಿಗಿದ್ದವನ ಕೈ ಹಿಡಿದು ಹೇಳುವ ಮಾತು. ಬಾರದು ಅನ್ನುವುದು ಗೋಡೆಗೆ ಅಂಟಿಸಿದ ನಿಯಮ. ಕಥೆ ಓದಿ ಹೇಳಿದಾಗ ಅಮ್ಮ ನಮ್ಮ ಹವ್ಯಕ ಮಾತಿನಲ್ಲಿ ಅಂದಳು, "ಆನು ಹಂಗೆ ಹೇಳಿದ್ನಿಲ್ಲೆ." ನಾನು ಸಂಪಾದಕರಿಗೆ ಒಂದು ಸಾಲನ್ನೂ ಬರೆಯಲಿಲ್ಲ. ಎರಡನೇ ಕಥೆಯೂ ಅಲ್ಲೇ ಅಚ್ಚಾಗಬೇಕು ಅಂತ ಆಸೆ ಇತ್ತು. ಅಚ್ಚೂ ಆಯಿತು. ಅಮ್ಮ ಮಾತ್ರ ಮತ್ತೆ ಯಾವತ್ತೂ ನನ್ನ ಕಥೆ ಓದಿ ಹೇಳು ಅನ್ನಲಿಲ್ಲ. ಸಂಪಾದಕರ ಮೇಲಿನ ಸಿಟ್ಟು ಇವತ್ತಿಗೂ ಹೋಗಿಲ್ಲ. ನನ್ನ ಮೇಲಿನದು ಅದಕ್ಕಿಂತ ಜಾಸ್ತಿ.

ನಿನ್ನ ಮನೆಮಾತು ಕೊಂಕಣಿ. ಕನ್ನಡ ಸರಿಯಾಗಿ ಬರೆಯಲು ಬರುವುದಿಲ್ಲ ಅಂತ ಅಂಜಿಕೊಂಡು ಪಠ್ಯಪುಸ್ತಕದ ಮಾತಿಗೆ ಜೋತುಬಿದ್ದಿದ್ದೀಯ ಅನಿಸುತ್ತದೆ. ಅಂಜಬೇಡ. ಎರಡು ಭಾಷೆ ಇದ್ದವಳಿಗೆ ಇದು ಬೇಗ ಕಾಣುತ್ತದೆ. ಕೊಂಕಣಿಯಲ್ಲಿ ನೀರು ಬೇಕಾದರೂ ಜಾಯ್, ಹೋಗಬೇಕಾದರೂ ಜಾಯ್. ನಮ್ಮ ಬೇಕು ಕೂಡ ಹಾಗೇ. ಆಸೆಗೂ ಅದೇ, ಕಟ್ಟುಪಾಡಿಗೂ ಅದೇ. ಎರಡು ಬೇರೆ ಬೇರೆ ಕುಲದ ಭಾಷೆಗಳು, ಆದರೂ ಒಂದೇ ದಾರಿ ಹಿಡಿದಿವೆ. ನಮ್ಮ ಹವ್ಯಕ ಮನೆಗಳಲ್ಲಿ ಕಟ್ಟುಪಾಡಿಗೆ ಬೇರೆ ಬಾಲವೇ ಇದೆ. ಹೋಗಲೇಬೇಕಾದರೆ ಹೋಗವು, ಹೋದರೆ ಅಡ್ಡಿಯಿಲ್ಲ ಅಂದರೆ ಹೋಗಲಕ್ಕು. ಹಿಂದಿಯವರು ಜಾನಾ ಹೈ, ಜಾನಾ ಚಾಹಿಯೇ, ಜಾನಾ ಪಡೇಗಾ ಅಂತ ಮೂರು ಮಾಡಿಕೊಂಡಿದ್ದಾರೆ. ಪಡ್ನಾ ಅಂದರೆ ಬೀಳುವುದು. ಅವರಿಗೆ ಅನಿವಾರ್ಯ ಮೇಲಿನಿಂದ ಬೀಳುತ್ತದೆ. ನಮಗೆ ಅದು ನಡೆದುಕೊಂಡು ಬರುತ್ತದೆ: ಹೋಗಬೇಕಾಗಿ ಬಂತು.

ನಿನ್ನ ನಾಲ್ಕನೇ ಪುಟದಲ್ಲಿ ಮಗ "ನಾನು ಹೋಗಬೇಕು" ಅನ್ನುತ್ತಾನೆ. ಅದು ಸಾಲದವನ ಮಾತು. "ನನಗೆ ಹೋಗಬೇಕು" ಅಂದಿದ್ದರೆ ಕಡಲಿನ ಹುಚ್ಚು ಹಿಡಿದವನ ಮಾತಾಗುತ್ತಿತ್ತು. ಒಂದು ವಿಭಕ್ತಿಯಲ್ಲಿ ಹುಡುಗನೇ ಬೇರೆಯಾಗುತ್ತಾನೆ. ಯಾವ ಹುಡುಗ ನಿನ್ನವನು? ನಿನಗೇ ಗೊತ್ತಿಲ್ಲದೆ ಬರೆದಿದ್ದರೆ ಆ ಪುಟ ಹರಿದು ಹಾಕಿ ಮತ್ತೆ ಬರೆ.

ಇನ್ನೊಂದು. "ಅವನಿಗೆ ಈಜಲು ಸಾಧ್ಯವಿತ್ತು" ಅಂತೆ! ಕೋಡಿಬಾಗದ ಹುಡುಗ ತಂಗೀ ಅವನು. ಈಜಬಲ್ಲ ಅನ್ನು. ಬಲ್ಲ ಅಂದರೆ ತಿಳಿದವನು, ಮಾಡಲು ಆಗುವವನೂ ಅವನೇ. ಇಂಗ್ಲಿಷಿನ ಕ್ಯಾನ್ ಕೂಡ ಹಳೇ ಕಾಲದಲ್ಲಿ ತಿಳಿ ಅನ್ನುವ ಅರ್ಥದ್ದೇ. ಫ್ರೆಂಚರು ಇವತ್ತಿಗೂ ಅವನಿಗೆ ಈಜು ತಿಳಿದಿದೆ ಅನ್ನುತ್ತಾರೆ. ತುರ್ಕಿಯವರು ಯಾವ ಕ್ರಿಯಾಪದಕ್ಕಾದರೂ ಬಿಲ್ ಅಂತ ಸೇರಿಸಿ ಆಗುತ್ತದೆ ಅನ್ನುತ್ತಾರೆ. ಆ ಬಿಲ್ ಅಂದರೂ ತಿಳಿಯುವುದೇ. ಇಷ್ಟು ದೂರದ ಜನರಿಗೆಲ್ಲ ಹೊಳೆದದ್ದು ನಮ್ಮ ಬಾಯಲ್ಲೇ ಇದೆ. ಅದನ್ನು ಬಿಟ್ಟು ಸುಮ್ನೆ ಸಾಧ್ಯ, ಸಾಧ್ಯ ಅಂತ ಪುಟ ತುಂಬಿಸಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಈಗ ನಿನ್ನ ಚೀಟಿ. "ಬರೆಯದೇ ಇರಬಹುದು." ಹನ್ನೆರಡು ದಿನ ಇದನ್ನೇ ತಿರುವಿ ನೋಡಿದೆ. ಬರೆಯದಿದ್ದರೂ ನಡೆಯುತ್ತದಾ ಅಂತ ನನ್ನ ಒಪ್ಪಿಗೆ ಕೇಳುತ್ತಿದ್ದೀಯಾ? ಹಾಗಿದ್ದರೆ ಒಪ್ಪಿಗೆ ಇಲ್ಲ. ಮುಂದೆ ಹೀಗಾಗಬಹುದು ಅಂತ ಊಹೆ ಮಾಡುತ್ತಿದ್ದೀಯಾ? ಊಹೆಗೆ ಉತ್ತರ ಬೇಕಿಲ್ಲ. ಆದರೆ ಕಣ್ಣೀರು ಒರೆಸಿಕೊಂಡು, ನಿಜವಾಗಿ ಹೆದರಿ ಬರೆದಿದ್ದರೆ, "ಬರೆಯದೇ ಹೋದೇನು" ಅಂತ ಬರೆಯಬೇಕಿತ್ತು. ಆಗ ನಾನು ಇಷ್ಟು ದಿನ ಕೂರುತ್ತಿರಲಿಲ್ಲ. ಮಾರನೇ ಬೆಳಿಗ್ಗೆ ಘಟ್ಟ ಇಳಿಯುವ ಮೊದಲ ಬಸ್ಸಿಗೇ ಕಾರವಾರಕ್ಕೆ ಬರುತ್ತಿದ್ದೆ.

ಮಳೆ ಸ್ವಲ್ಪ ಬಿಟ್ಟಿದೆ. ಅಡಿಕೆಗೆ ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡ ಬಂದು ಅಂಗಳದಲ್ಲಿ ನಿಂತಿದ್ದಾನೆ. ಮೂರರಲ್ಲಿ ಯಾವುದು ಅಂತ ಬರೆದು ತಿಳಿಸು.

ನಿನ್ನ,
ಶಿರಸಿಯ ಅಣ್ಣ