ಮೀನಿಗೆ ಖಾತೆ ಮಾಡಿಸುವ ಕೆಲಸ

ಲಂಡನ್
ಭಾನುವಾರ ಸಂಜೆ

ಅಪ್ಪ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಮ್ಮ ಕಳಿಸಿದ ಚಟ್ನಿಪುಡಿ ಮುಗಿಯುತ್ತಾ ಬಂತು. ಈ ಪತ್ರ ಅಜ್ಜಿಗೂ ಓದಿ ಹೇಳಿ. ಹೋದ ವಾರ ಫೋನಿನಲ್ಲಿ "ಅಷ್ಟು ದೂರ ಹೋಗಿ ಸತ್ತ ಮೀನು ಎಣಿಸ್ತೀಯಾ?" ಅಂತ ಕೇಳಿದರು. ನಗು ಬಂದು ಉತ್ತರ ಕೊಡಲಾಗಲಿಲ್ಲ.

ಮೀನು ಎಣಿಸುವುದಲ್ಲ ಅಜ್ಜಿ, ಮೀನಿನ ಹುರುಪೆ ಎಣಿಸುವುದು. ಜಾಡಿಯಿಂದ ಬೆರಳುದ್ದದ ಮೀನೊಂದನ್ನು ಚಿಮಟದಲ್ಲಿ ಎತ್ತಿ ತಟ್ಟೆಗೆ ಹಾಕುತ್ತೇನೆ. ಸ್ಪಿರಿಟ್ ವಾಸನೆ ಮೂಗಿಗೆ ಹೊಡೆಯುತ್ತದೆ. ಕಿವಿರಿನ ಹಿಂದಿನಿಂದ ಬಾಲದವರೆಗೆ ಪಕ್ಕೆಯಲ್ಲಿ ಸಣ್ಣ ತೂತುಗಳ ಗೆರೆಯೊಂದು ಇರುತ್ತದೆ. ಆ ಗೆರೆಯ ಹುರುಪೆಗಳನ್ನು ಸೂಜಿಮೊನೆಯಿಂದ ಮುಟ್ಟಿ ಮುಟ್ಟಿ ಎಣಿಸಬೇಕು. ಮೊನ್ನೆ 23ಕ್ಕೆ ಬಂದಿದ್ದೆ, ಯಾರೋ ಕಾಫಿಗೆ ಕರೆದರು, ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು. ಎಣಿಸುವುದು ಮಾತ್ರ ಇನ್ನೂ ಕನ್ನಡದಲ್ಲೇ. ಆಮೇಲೆ ರೆಕ್ಕೆಯ ಕಡ್ಡಿಗಳು, ಮೀಸೆ, ಕಣ್ಣಿನ ಅಗಲ, ಬಾಯಿಯ ಆಕಾರ. ಎಲ್ಲವನ್ನೂ ಹಳೆಯ ಮೀನುಗಳ ಜೊತೆ ತಾಳೆ ನೋಡಬೇಕು. ಯಾವುದಕ್ಕೂ ಹೊಂದದಿದ್ದರೆ ಆಗ ಹೊಸ ಜಾತಿ ಎನ್ನುವ ಮಾತು. ಅದಕ್ಕೇ ಇಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಬರಬೇಕಾದ್ದು. ನಮ್ಮ ಹೊಳೆಗಳ ಮೀನು ಬ್ರಿಟಿಷರ ಕಾಲದಲ್ಲೇ ಇಲ್ಲಿ ಬಂದು ಜಾಡಿ ಸೇರಿವೆ.

ಅಪ್ಪ, ನಿಮ್ಮ ಲೆಕ್ಕದಲ್ಲಿ ಇದು ಖಾತೆ ಮಾಡಿಸುವ ಕೆಲಸ. ಹೆಸರಿಡುವಾಗ ಒಂದು ಮೀನನ್ನು ಸಾಕ್ಷಿಗೆ ಅಂತ ತೆಗೆದಿಡುತ್ತಾರೆ. ಹೋಲೋಟೈಪ್ ಅಂತಾರೆ. ಅದೇ ಮೂಲ ಪತ್ರ. ಒಂದೇ ಜಾತಿಗೆ ಇಬ್ಬರು ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಮೊದಲಿನದೇ ನಿಲ್ಲುತ್ತದೆ.

ನಮ್ಮ ಕಾವೇರಿಯ ಡುಬ್ಬದ ಬಿಳಿಮೀನಿನ ಖಾತೆ ಎಷ್ಟು ಕಾಲ ತಪ್ಪಾಗಿತ್ತು ಗೊತ್ತಾ? 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಗಾಳಕ್ಕೆ 120 ಪೌಂಡಿನದು ಬಿದ್ದಿತ್ತು. 54 ಕಿಲೋ, ಹೆಚ್ಚುಕಮ್ಮಿ ಅಮ್ಮನಷ್ಟೇ. (ಅಮ್ಮ, ಕೋಪ ಬೇಡ.) ಅಂಥ ಮೀನಿಗೆ ವಿಜ್ಞಾನದ ಪಟ್ಟಿಯಲ್ಲಿ ತನ್ನದೇ ಹೆಸರಿರಲಿಲ್ಲ. 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಕೃಷ್ಣಾ ಕಡೆಯ ಮೀನೊಂದಕ್ಕೆ ಇಟ್ಟ 'ಮುಸ್ಸುಲ್ಲಾ' ಹೆಸರನ್ನೇ ಇದಕ್ಕೂ ಅಂಟಿಸಿದ್ದರು. ಅದು ಬೇರೆಯೇ ಜಾತಿ. ಪಕ್ಕದೂರಿನ ಸರ್ವೆ ನಂಬರಿನಲ್ಲಿ ನಮ್ಮ ಗದ್ದೆ ಇದ್ದ ಹಾಗೆ.

ಈ ನಡುವೆ 2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಮರಿಮೀನುಗಳನ್ನು ನೋಡಿ 'ಟಾರ್ ರೆಮಾದೇವಿ' ಎಂಬ ಹೊಸ ಜಾತಿ ಬರೆದಿದ್ದರು. ಮೀನು ತಜ್ಞೆ ರೆಮಾ ದೇವಿ ಅವರ ಹೆಸರು ಅದು. ಆ ನೀರೂ ಕೊನೆಗೆ ಕಾವೇರಿಗೇ ಸೇರುವುದು. ಮರಿಗಳಿಗೆ ಡುಬ್ಬ ಎದ್ದು ಕಾಣುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. 2018ರಲ್ಲಿ ಕಾವೇರಿಗೇ ಸೇರುವ ಮೋಯಾರ್ ಹೊಳೆಯ ಮೀನುಗಳ ಮೈಕಟ್ಟು, ಡಿಎನ್‌ಎ ಎರಡನ್ನೂ ನೋಡಿದಾಗ ಮರಿಯೂ ದೈತ್ಯನೂ ಒಂದೇ ಎಂದು ತಿಳಿದು, ಆ ಹೆಸರೇ ನಮ್ಮ ಬಿಳಿಮೀನಿನದಾಯಿತು. ಅದೇ ವರ್ಷ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಖಾತೆ ಸರಿಯಾಗುವ ಹೊತ್ತಿಗೆ ಗದ್ದೆಯೇ ಕೊಚ್ಚಿಹೋಗುತ್ತಿದೆ ಅಂತ ನನಗೆ ಸಿಟ್ಟು ಬರುತ್ತದೆ.

ಒಳ್ಳೆಯದಾಗಲಿ ಅಂತಲೇ ಮಹಾರಾಷ್ಟ್ರದ ಲೋಣಾವಳದ ಕಡೆ ಸಾಕಿದ ನೀಲಿ ರೆಕ್ಕೆಯ ಮಹಶೀರ್ (ಬಿಳಿಮೀನಿನ ದಾಯಾದಿ ಜಾತಿ) ಮರಿಗಳನ್ನು ತಂದು ಕಾವೇರಿಗೆ ಬಿಟ್ಟಿದ್ದರು. ಈಗ ಅವೇ ಜಾಸ್ತಿ. ಹಳೆಯದು ಅಪರೂಪವಾಯಿತು.

ಹಾಗಾಗಿ ಒಂದು ಕೆಲಸ ಹೇಳುತ್ತೇನೆ. ಮುಂದಿನ ಸಲ ರಾಮನಾಥಪುರಕ್ಕೆ ಹೋದಾಗ, ಕಾವೇರಿ ಮೆಟ್ಟಿಲಲ್ಲಿ ಕೂತು ಕಡ್ಲೆಪುರಿ ಹಾಕಿ. ಮೀನು ಮೇಲೆ ಬಂದು ತಿರುಗುವಾಗ ಬಾಲ ಕಿತ್ತಳೆ ಬಣ್ಣವೋ, ನೀಲಿ ಛಾಯೆಯೋ ನೋಡಿ. ಡುಬ್ಬ ಇದೆಯಾ ಅಂತಲೂ. ಫೋಟೋ ಸಿಕ್ಕರೆ ಕಳಿಸಿ, ಆದರೆ ನೀರಿಗಿಳಿಯಬೇಡಿ, ಪಾಚಿ ಇರುತ್ತದೆ. ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಎಣಿಸುವುದರಲ್ಲಿ ಅವರು ನನಗಿಂತ ಗಟ್ಟಿ, ಅಲ್ವಾ?

ನಿಮ್ಮ ಮಗಳು