ಫೋಟೋದ ಅಂಚಿನಲ್ಲಿದ್ದ ಕೈ

ಪ್ರೀತಿಯ ಟೂಟಿ,

ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಫೋನಲ್ಲಾದರೆ ನೀನು ಎರಡನೇ ಮಾತಿಗೇ ‘ಕಬ್ಬಿನ ಲೋಡ್ ಬಂತು, ಆಮೇಲೆ ಮಾಡ್ತೀನಿ’ ಅಂತೀಯ. ಅದೂ ಅಲ್ಲದೆ ಈ ಮಾತನ್ನು ನಿನಗೊಬ್ಬನಿಗೇ ಹೇಳಿ ಮುಗಿಸಿದರೆ ಆಗಲ್ಲ ಅನ್ನಿಸಿತು. ನನ್ನ ವರದಿಗಳನ್ನು ಇಷ್ಟು ವರ್ಷ ಓದಿದವರೂ ಕೇಳಿಸಿಕೊಳ್ಳಲಿ ಅಂತ ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ. ಹದಿನೇಳು ವಡೆಯ ವಿಷಯ ಮಾತ್ರ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಮೊದಲು ಒಳ್ಳೆ ಸುದ್ದಿ. ಅಪ್ಪನ ಯೆಜ್ಡಿ ಮತ್ತೆ ಸ್ಟಾರ್ಟ್ ಆಯಿತು! ಕಾರ್ಬೊರೇಟರ್ ಬಿಚ್ಚಿ ತೊಳೆಸಿದೆ, ಪ್ಲಗ್ ಹೊಸದು ಹಾಕಿಸಿದೆ. ಕಿಕ್ಕಿಗೂ ಗೇರಿಗೂ ಅದೇ ಒಂದು ಲಿವರ್. ಮೊದಲ ಸಲ ಒದ್ದಾಗ ಬರೀ ಹೊಗೆ. ಮೂರನೇ ಸಲಕ್ಕೆ ಆ ಸದ್ದು. ಬೀದಿಯ ಕೊನೆ ಮನೆಯ ಮೇಷ್ಟ್ರು ಲುಂಗಿ ಕಟ್ಟಿಕೊಳ್ಳುತ್ತಲೇ ಗೇಟಿನ ಹತ್ತಿರ ಬಂದು ನಿಂತರು. ಮೈಸೂರಿನಲ್ಲಿ ಅರವತ್ತು ದಾಟಿದವರಿಗೆ ಆ ಸದ್ದು ಕೇಳಿದರೆ ಒಳಗೆ ಕೂರೋಕೆ ಆಗಲ್ಲ ಕಣೋ.

ನಿನಗೆ ಗೊತ್ತಲ್ಲ, ಈ ಗಾಡಿ ಹುಟ್ಟಿದ್ದೇ ಯಾದವಗಿರಿಯಲ್ಲಿ. ಐಡಿಯಲ್ ಜಾವಾ ಕಂಪನಿ 1960ರಲ್ಲಿ ಶುರುವಾಯಿತು. 1961ರಲ್ಲಿ ಗಾಡಿಗಳು ಹೊರಗೆ ಬರತೊಡಗಿದವು. ಮೊದಲು ಜಾವಾ, 1973ರಿಂದ ಯೆಜ್ಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಅನ್ನುವ ಹೆಸರಲ್ಲೇ ಎರಡು ಹೆಸರಿವೆ. ಜಾನೆಚೆಕ್ ಅನ್ನುವ ಜೆಕ್ ಮನುಷ್ಯ, ಅವನು 1929ರಲ್ಲಿ ಯಾರಿಂದ ಬೈಕ್ ವಿಭಾಗ ಕೊಂಡನೋ ಆ ವಾಂಡರರ್ ಕಂಪನಿ. ಎರಡರ ಮೊದಲ ಅಕ್ಷರ ಸೇರಿ ಜಾವಾ.

ಇನ್ನೊಂದು ವಿಷಯ ಹೇಳುತ್ತೇನೆ, ನಿನಗೆ ಇಷ್ಟವಾಗುತ್ತೆ. ‘ರೋಬೋಟ್’ ಅನ್ನುವ ಪದವೂ ಅದೇ ದೇಶದ್ದು. ಕಾರೆಲ್ ಚಾಪೆಕ್ ಅನ್ನುವವರು 1920ರಲ್ಲಿ ಬರೆದ ನಾಟಕದಿಂದ ಬಂತು. ಪದ ಸೂಚಿಸಿದ್ದು ಅವರ ಅಣ್ಣ ಜೋಸೆಫ್. ಜೆಕ್ ಭಾಷೆಯಲ್ಲಿ ‘ರೊಬೊಟ’ ಅಂದರೆ ಬಿಟ್ಟಿ ಚಾಕರಿ. ನಿಮ್ಮ ತಾತ ಹೇಳುತ್ತಿದ್ದರಲ್ಲ, ಹಿಂದೆ ಗೌಡರ ಗದ್ದೆಯಲ್ಲಿ ಕೂಲಿಯಿಲ್ಲದೆ ದುಡಿದು ಬರಬೇಕಿತ್ತು ಅಂತ. ಅದೇ. ಅಲ್ಲಿಯ ಬೈಕು ನಮ್ಮ ಯಾದವಗಿರಿಯಿಂದ ಹೊರಟ ಅದೇ 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಮೊದಲ ಕೈಗಾರಿಕಾ ರೋಬೋಟ್ ಕೆಲಸಕ್ಕೆ ನಿಂತಿತು. ಹೆಸರು ಯೂನಿಮೇಟ್. ಅಚ್ಚಿನಿಂದ ಆಗತಾನೇ ಬಂದ ಬಿಸಿ ಲೋಹದ ಭಾಗಗಳನ್ನು ಎತ್ತಿಡುವುದು ಅದರ ಕೆಲಸ. ಮನುಷ್ಯರಿಗೆ ಅಪಾಯದ ಕೆಲಸ.

ಇಂಥದ್ದನ್ನೆಲ್ಲ ನಾನು ಚೆನ್ನಾಗಿ ಬರೆಯುತ್ತೇನೆ. ಹನ್ನೊಂದು ವರ್ಷದಿಂದ ಬರೆದಿದ್ದೇನೆ. ಬಿಡದಿ, ಹೂಟಗಳ್ಳಿ, ಕಡಕೊಳ, ನಂಜನಗೂಡು ಅಂತ ಸುತ್ತಿದ್ದೇನೆ. ಶೆಡ್ಡಿನ ಬಾಗಿಲಲ್ಲಿ ನಿಂತು, ಹಳದಿ ರೋಬೋಟ್ ಕಂಡರೆ ಜಪಾನಿನ ಫನುಕ್, ಕಿತ್ತಳೆ ಕಂಡರೆ ಜರ್ಮನಿಯ ಕೂಕಾ ಅಂತ ಹೇಳಬಲ್ಲೆ. ಒಂದು ಕಾರಿನ ಮೈಯಲ್ಲಿ ಮೂರು ಸಾವಿರದಿಂದ ಐದು ಸಾವಿರ ಸ್ಪಾಟ್ ವೆಲ್ಡ್ ಇರುತ್ತವೆ. ಎರಡು ತಾಮ್ರದ ತುದಿಗಳು ತಗಡುಗಳನ್ನು ಕಚ್ಚಿ ಹಿಡಿದು, ಸಾವಿರಾರು ಆಂಪಿಯರ್ ಕರೆಂಟ್ ಹರಿಸಿ, ಅರೆಕ್ಷಣದಲ್ಲಿ ಒಂದು ಚುಕ್ಕೆಯಷ್ಟು ಜಾಗ ಕರಗಿಸಿ ಬೆಸೆಯುತ್ತವೆ. ಆ ತಾಮ್ರದ ತುದಿ ಅಣಬೆಯ ಹಾಗೆ ಚಪ್ಪಟೆಯಾದರೆ ಬೆಸುಗೆ ಸರಿಯಾಗಿ ಕೂರುವುದಿಲ್ಲ ಅನ್ನುವುದೂ ಗೊತ್ತು. 2023ರಲ್ಲಿ ನಮ್ಮ ದೇಶದ ಕಾರ್ಖಾನೆಗಳಿಗೆ 8,510 ಹೊಸ ರೋಬೋಟ್ ಬಂದವು, ಅಲ್ಲಿಯವರೆಗಿನ ದಾಖಲೆ. ಅದು ಬಾಯಿಪಾಠ.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ಹೂಟಗಳ್ಳಿಯಲ್ಲಿ ಒಂದು ಟೀ ಅಂಗಡಿ ಮುಂದೆ ನಿಂತಿದ್ದೆ. ಫಸ್ಟ್ ಶಿಫ್ಟ್ ಬಿಟ್ಟಿತ್ತು. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಹೋಗುವ ಹುಡುಗರು ಬಸ್ಸಿಗೆ ಕಾಯುತ್ತಿದ್ದರು. ಒಬ್ಬ ಹತ್ತಿರ ಬಂದ. ಇಪ್ಪತ್ತನಾಲ್ಕು, ಇಪ್ಪತ್ತೈದು ವಯಸ್ಸಿರಬಹುದು. ‘ಸಾರ್, ನೀವು ಪೇಪರಿನವರಲ್ವಾ? ನಮ್ಮ ಲೈನಿಗೆ ಬಂದಿದ್ರಿ, ಎರಡು ವರ್ಷ ಆಯ್ತು’ ಅಂದ. ನನಗೆ ಮುಖ ನೆನಪಿಲ್ಲ. ಅವನು ಫೋನ್ ತೆಗೆದು ಒಂದು ಚಿತ್ರ ತೋರಿಸಿದ. ಅವನ ಮನೆಯ ಗೋಡೆ. ದೇವರ ಕ್ಯಾಲೆಂಡರ್ ಪಕ್ಕದಲ್ಲಿ ನನ್ನ ವರದಿ. ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ, ಮೊಳೆ ಹೊಡೆದು ಹಾಕಿದ್ದಾರೆ. ಅರ್ಧ ಪುಟದ ಬಣ್ಣದ ಫೋಟೋ. ನಡುವೆ ರೋಬೋಟಿನ ತೋಳು, ಕಿಡಿಗಳ ಮಳೆ. ಬಲಗಡೆ ಅಂಚಿನಲ್ಲಿ ಗ್ಲೌಸ್ ಹಾಕಿದ ಒಂದು ಕೈ. ಮಣಿಕಟ್ಟಿನವರೆಗೆ ಮಾತ್ರ.

‘ಇದು ನನ್ನ ಕೈ ಸಾರ್’ ಅಂದ.

ಗ್ಲೌಸ್ ಬೇರೆಯವರದ್ದರ ಜೊತೆ ಬೆರೆಯಬಾರದು ಅಂತ ಅದರ ಮೇಲೆ ಮಾರ್ಕರಿನಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಬರೆದಿದ್ದನಂತೆ. ಫೋಟೋದಲ್ಲಿ ಅದು ಕಾಣುತ್ತೆ. ಅವರಮ್ಮ ಮನೆಗೆ ಬಂದವರಿಗೆಲ್ಲ ಆ ಅಕ್ಷರದ ಮೇಲೆ ಬೆರಳಿಟ್ಟು ‘ನನ್ನ ಮಗ’ ಅಂತ ತೋರಿಸುತ್ತಾರಂತೆ. ವರದಿಯನ್ನು ಪಕ್ಕದ ಮನೆ ಹುಡುಗಿಯಿಂದ ಪೂರ್ತಿ ಓದಿಸಿದರಂತೆ. ‘ಹೆಸರು ಎಲ್ಲಿ ಬರುತ್ತೆ, ಮುಂದಕ್ಕೆ ಓದು’ ಅಂತ ಕೊನೆಯವರೆಗೂ ಕೇಳಿದರಂತೆ. ಇದನ್ನು ಅವನು ನಗುತ್ತಲೇ ಹೇಳಿದ. ನನ್ನ ಮೇಲೆ ಅವನಿಗೆ ಎಳ್ಳಷ್ಟೂ ಬೇಸರ ಇರಲಿಲ್ಲ. ಟೀ ದುಡ್ಡು ಕೂಡ ತಾನೇ ಕೊಡಲು ಹೋದ.

ಮನೆಗೆ ಬಂದು ಹಳೆಯ ಹಾರ್ಡ್ ಡಿಸ್ಕ್ ಹುಡುಕಿದೆ. ಮೂಲ ಫೋಟೋ ಸಿಕ್ಕಿತು. ಅದರಲ್ಲಿ ಅವನು ಪೂರ್ತಿ ಇದ್ದಾನೆ. ಕನ್ನಡಕ ಹಾಕಿಕೊಂಡು, ತುಟಿ ಬಿಗಿಹಿಡಿದು, ಭಾಗಗಳನ್ನು ಅಲುಗದಂತೆ ಹಿಡಿಯುವ ಜಿಗ್ ಮೇಲೆ ಪೈಪ್ ಕೂರಿಸುತ್ತಿದ್ದಾನೆ. ಎಷ್ಟು ಗಮನದಿಂದ ಗೊತ್ತಾ? ನಿಮ್ಮ ತಾತ ಬೆಲ್ಲದ ಪಾಕ ನೋಡುತ್ತಿದ್ದ ಹಾಗೆ. ಅವನನ್ನು ಕತ್ತರಿಸಿದ್ದು ಡೆಸ್ಕಿನವರಲ್ಲ. ಮೇಲ್‌ನಲ್ಲಿ ನಾನೇ ಬರೆದಿದ್ದೇನೆ: ‘ಹುಡುಗ ಬೇಡ, ರೋಬೋಟ್ ಮಾತ್ರ ಇರಲಿ.’ ಕೈ ಉಳಿದದ್ದು ಅಳತೆ ಸ್ವಲ್ಪ ತಪ್ಪಿದ್ದರಿಂದ.

ವರದಿಯನ್ನೂ ಮತ್ತೆ ಓದಿದೆ. ರೋಬೋಟಿಗೆ ಎಷ್ಟು ಕೀಲು, ಎಷ್ಟು ಕೆಜಿ ಎತ್ತುತ್ತೆ, ಯಾವ ಮಾಡೆಲ್, ಎಲ್ಲ ಇದೆ. ಅವನು ಮಾಡುವ ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ. ರೋಬೋಟ್ ಇರುವ ಆ ಜಾಗದಲ್ಲಿ ತಿರುಗುವ ಒಂದು ಟೇಬಲ್ ಇರುತ್ತೆ. ಆಚೆ ಬದಿಯಲ್ಲಿ ರೋಬೋಟ್ ಬೆಸುಗೆ ಹಾಕುವಷ್ಟರಲ್ಲಿ ಈಚೆ ಬದಿಯಲ್ಲಿ ಇವನು ಆದ ಪೀಸ್ ತೆಗೆದು, ಹೊಸ ಪೈಪು ಬ್ರಾಕೆಟ್ಟುಗಳನ್ನು ಜಿಗ್ ಮೇಲೆ ಕೂರಿಸಿ, ಕ್ಲ್ಯಾಂಪ್ ಹಾಕಿ, ಹಿಂದೆ ಸರಿದು ಬಟನ್ ಒತ್ತಬೇಕು. ಟೇಬಲ್ ತಿರುಗುತ್ತೆ. ಮತ್ತೆ ಶುರು. ಅವತ್ತು ನಾನೇ ವಾಚ್ ಹಿಡಿದು ಎಣಿಸಿದ್ದೆ, ಸುಮಾರು 40 ಸೆಕೆಂಡ್. ಏಳೂವರೆ ಗಂಟೆ ಕೆಲಸಕ್ಕೆ 675 ಸಲ. ರೋಬೋಟ್ ಸುಸ್ತಾಗದೆ ದುಡಿಯುತ್ತೆ ಅಂತ ಹೆಡ್ಡಿಂಗ್ ಕೊಟ್ಟಿದ್ದೆ. ಅದರ ವೇಗಕ್ಕೆ ಸರಿಯಾಗಿ ಒಬ್ಬ ಮನುಷ್ಯನೂ ದುಡಿಯುತ್ತಿದ್ದ. ‘ರೋಬೋಟ್ ಬಂದರೆ ಕೆಲಸ ಹೋಗುತ್ತಾ’ ಅಂತ ಪ್ರತಿ ಸಲ ಮ್ಯಾನೇಜರುಗಳನ್ನು ಕೇಳಿದ್ದೇನೆ. ಅದರ ಪಕ್ಕ ನಿಂತವನನ್ನು ‘ಸೊಂಟ ನೋಯುತ್ತಾ’ ಅಂತ ಒಂದು ಸಲವೂ ಕೇಳಿಲ್ಲ.

ನನ್ನನ್ನು ನಿದ್ದೆ ಮಾಡಲು ಬಿಡದ ಇನ್ನೊಂದು ವಿಷಯ ಕೇಳು. ರಾಬರ್ಟ್ ವಿಲಿಯಮ್ಸ್ ಅಂತ ಒಬ್ಬ ಇದ್ದ. ಅಮೆರಿಕದ ಮಿಷಿಗನ್ನಿನಲ್ಲಿ ಫೋರ್ಡ್ ಕಾರ್ಖಾನೆಯ ಕೆಲಸಗಾರ. 1979ರ ಜನವರಿ 25ರಂದು ರ್‍ಯಾಕ್ ಹತ್ತಿ ಬಿಡಿಭಾಗ ತೆಗೆಯುತ್ತಿದ್ದಾಗ ರೋಬೋಟಿನ ತೋಳು ಬಡಿದು ಸತ್ತ. ಇಪ್ಪತ್ತೈದು ವರ್ಷ. ರೋಬೋಟಿನಿಂದ ಸತ್ತ ಮೊದಲ ಮನುಷ್ಯ ಅಂತ ಅವನ ಬಗ್ಗೆ ನಾನು ಎರಡು ಸಲ ಬರೆದಿದ್ದೇನೆ. ಏಳು ಸಮುದ್ರದಾಚೆ ಸತ್ತವನ ಹೆಸರು, ತಾರೀಖು ನನಗೆ ಗೊತ್ತು. ಮದ್ದೂರಿನ ಹತ್ತಿರದ ಹುಡುಗ, ಬದುಕಿದ್ದಾನೆ, ಮೂರಡಿ ದೂರದಲ್ಲಿ ನಿಂತಿದ್ದ. ಅವನ ಹೆಸರು ಕೇಳಲಿಲ್ಲ.

ಇಷ್ಟೇ ಬರೆದು ನಿಲ್ಲಿಸಬೇಕು ಅಂತಿದ್ದೆ. ಆದರೆ ಇನ್ನೊಂದಿದೆ. ನಿನಗೂ ಹೇಳಿರಲಿಲ್ಲ.

ಆ ಫೋಟೋದ ವರದಿಗಿಂತ ಮುಂಚೆ, ಬೇರೆ ಒಂದು ಕಡೆ, ಒಂದು ಚಿಕ್ಕ ಬಿಡಿಭಾಗದ ಶೆಡ್ಡಿಗೆ ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ. ಅಲ್ಲಿ ರೋಬೋಟ್ ಇಲ್ಲ, ತಗಡನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್‌ಗಳು. ಪ್ರೆಸ್‌ಗೆ ಎರಡು ಬಟನ್ ಇರುತ್ತವೆ, ಒಂದೊಂದು ಕೈಗೆ ಒಂದು. ಎರಡೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಕೆಳಗೆ ಬರಬೇಕು. ಆಗ ಎರಡು ಕೈಯೂ ಡೈಯಿಂದ, ಅಂದರೆ ತಗಡು ಇಡುವ ಅಚ್ಚಿನಿಂದ, ದೂರ ಇರುತ್ತವೆ. ಒಂದು ಮೆಷಿನ್‌ನಲ್ಲಿ ಎಡಗಡೆಯ ಬಟನ್ ಒತ್ತಿದ ಹಾಗೇ ಇರಲಿ ಅಂತ ಮರದ ಚಕ್ಕೆ ತುರುಕಿದ್ದರು. ಕೆಲಸ ಬೇಗ ಆಗುತ್ತೆ ಅಂತ. ಒಬ್ಬ ಹುಡುಗ ಎಡಗೈಯಲ್ಲಿ ತಗಡು ಒಳಗಿಡುತ್ತಿದ್ದ, ಬಲಗೈಯಲ್ಲಿ ಬಟನ್ ಒತ್ತುತ್ತಿದ್ದ. ನಾನು ನೋಡಿದೆ. ಅದರ ಅರ್ಥ ನನಗೆ ಗೊತ್ತು. ಯಂತ್ರಗಳಿಗೆ ಕಾವಲು ಇರಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಬರೆದಿದ್ದರು. ಗುರುಗ್ರಾಮ, ಫರೀದಾಬಾದ್ ಕಡೆ ವಾಹನ ಬಿಡಿಭಾಗದ ಕೆಲಸದಲ್ಲಿ ಬೆರಳು, ಕೈ ಕಳೆದುಕೊಂಡವರ ಬಗ್ಗೆ ಸೇಫ್ ಇನ್ ಇಂಡಿಯಾ ಅನ್ನುವ ಸಂಸ್ಥೆ 2019ರಿಂದ ವರದಿ ಹೊರತರುತ್ತಿದೆ. ಅದರಲ್ಲಿ ದೊಡ್ಡ ಪಾಲು ಪವರ್ ಪ್ರೆಸ್‌ಗಳದ್ದೇ. ಅದನ್ನೂ ಓದಿದ್ದೆ.

ನೋಟ್‌ಬುಕ್ಕಿನಲ್ಲಿ ‘ಎಡ ಬಟನ್, ಚಕ್ಕೆ’ ಅಂತ ಬರೆದುಕೊಂಡೆ. ವರದಿಯಲ್ಲಿ ಬರೆಯಲಿಲ್ಲ. ಅವತ್ತಿನ ವಿಷಯ ಬೇರೆ ಅಂತ ಸಮಾಧಾನ ಹೇಳಿಕೊಂಡೆ. ಅವರು ಊಟ ಹಾಕಿಸಿದ್ದರು, ವಾಪಸ್ ಬರಲು ಕಾರು ಕೊಟ್ಟಿದ್ದರು. ಮೂರು ದಿನ ಬಿಟ್ಟು ಫೋನ್ ಮಾಡಿ ಹೇಳಿದೆ. ‘ಸರಿ ಮಾಡಿಸ್ತೀವಿ ಸಾರ್’ ಅಂದರು. ಮಾಡಿಸಿದರೋ ಇಲ್ಲವೋ ನೋಡಲು ಮತ್ತೆ ಹೋಗಲಿಲ್ಲ. ಇವತ್ತಿನವರೆಗೂ ಹೋಗಿಲ್ಲ ಕಣೋ.

ಚಿಕ್ಕಂದಿನಲ್ಲಿ ನಿಮ್ಮ ಆಲೆಮನೆಯಲ್ಲಿ ನಾವು ಗಾಣಕ್ಕೆ ಕಬ್ಬು ಕೊಡುತ್ತಿದ್ದೆವಲ್ಲ, ನಿಮ್ಮ ತಾತ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ಬೀಡಿ ಬಾಯಲ್ಲಿದ್ದರೂ ಕಣ್ಣು ನಮ್ಮ ಕೈ ಮೇಲೇ. ‘ಕೈ ನೋಡ್ಕೊಳ್ಳಿ, ಕೈ! ಕೈ!’ ಅಂತ ಕೂಗುತ್ತಲೇ ಇರುತ್ತಿದ್ದರು. ಕೊಪ್ಪರಿಗೆ ಉಕ್ಕಿದರೂ ಅಲ್ಲಿಂದ ಏಳುತ್ತಿರಲಿಲ್ಲ. ಬೆಲ್ಲ ಕೆಟ್ಟರೆ ನಾಳೆ ಮಾಡಬಹುದು ಅಂತಿದ್ದರು. ಅವರು ಒಂದು ಅಕ್ಷರ ಓದಿದವರಲ್ಲ. ಆ ಶೆಡ್ಡಿನಲ್ಲಿ ನಾನು ಮಾಡಬೇಕಿದ್ದ ಕೆಲಸ ಅದೇ. ಕೂಗಬೇಕಿತ್ತು, ಅಷ್ಟೇ.

ಮೊನ್ನೆ ಆ ಫೋಟೋದ ಹುಡುಗನಿಗೆ ಫೋನ್ ಮಾಡಿದೆ. ನಿನ್ನ ಹೆಸರು, ಕೆಲಸ ಎಲ್ಲ ಹಾಕಿ ಬರೆಯಲಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹೆಸರು ಬೇಡ ಅಣ್ಣ. ಈಗ ಬೇರೆ ಕಡೆ ಕಾಂಟ್ರ್ಯಾಕ್ಟಲ್ಲಿದ್ದೀನಿ, ಮಾರ್ಚಿಗೆ ಮುಗಿಯುತ್ತೆ. ಪೇಪರಲ್ಲಿ ಬಂದರೆ ಮುಂದಕ್ಕೆ ತಗೊಳ್ತಾರೋ ಇಲ್ವೋ’ ಅಂದ. ಆಗ ಬೇಕಿತ್ತು, ಈಗ ಬೇಡ. ಆಮೇಲೆ ಅವನೇ ಕೇಳಿದ: ‘ಆ ಫೋಟೋ ಪೂರ್ತಿ ಇದೆಯಾ ಅಣ್ಣ? ಅಮ್ಮನಿಗೆ ಒಂದು ಕಾಪಿ ಸಿಗುತ್ತಾ?’

ಸರಿ, ಸಾಕು. ಜಾಸ್ತಿ ಬರೆದೆ. ನೀನು ಇದನ್ನು ಆಲೆಮನೆಯಲ್ಲಿ ಎಲ್ಲರ ಮುಂದೆ ಜೋರಾಗಿ ಓದಬೇಡ, ದಮ್ಮಯ್ಯ. ಮುಖ್ಯವಾಗಿ ನಿಮ್ಮಕ್ಕನ ಮುಂದೆ. ಆ ಕೆಆರ್‌ಎಸ್ ರಸ್ತೆಯ ಪಂಕ್ಚರ್ ಕಥೆ ಮತ್ತೆ ಶುರುವಾಗುತ್ತೆ.

ಫೋಟೋ ಪ್ರಿಂಟ್ ಹಾಕಿಸಿದೆ, ದೊಡ್ಡದಾಗಿ. ದೇವರಾಜ ಅರಸ್ ರಸ್ತೆಯಲ್ಲಿ ಫ್ರೇಮ್ ಮಾಡಿಸಿದೆ. ರೋಬೋಟ್ ಒಂದು ಕಡೆ ಇದೆ, ಅವನು ನಡುವೆ ಇದ್ದಾನೆ. ಭಾನುವಾರ ಕೊಟ್ಟು ಬರಬೇಕು ಅಂತಿದ್ದೇನೆ. ಸೋಮವಾರ ಆ ಶೆಡ್ಡಿಗೆ ಹೋಗುತ್ತೇನೆ, ನನ್ನ ಗಾಡಿಯಲ್ಲಿ, ಬುತ್ತಿ ಕಟ್ಟಿಕೊಂಡು.

ಭಾನುವಾರಕ್ಕೆ ನೀನು ಬೇಕು. ಅವನ ಹಳ್ಳಿ ನಿಮ್ಮೂರಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ಹೈವೇ ಬೇಡ, ಹಳೆ ರಸ್ತೆಯಲ್ಲೇ ಬರುತ್ತೇನೆ, ಯೆಜ್ಡಿಯಲ್ಲಿ. ಎರಡು ಅಡಿ ಅಗಲದ ಗಾಜಿನ ಫ್ರೇಮ್, ಮಂಡ್ಯದವರೆಗೆ ಹೇಗೋ ಗೋಣಿ ಸುತ್ತಿ ಕಟ್ಟಿಕೊಂಡು ಬರುತ್ತೇನೆ. ಅಲ್ಲಿಂದ ಮುಂದೆ ರಸ್ತೆ ಪೂರ್ತಿ ಗುಂಡಿ. ಹಿಂದೆ ಕೂತು ಎರಡು ಕೈಯಲ್ಲೂ ಹಿಡಿದುಕೊಳ್ಳೋಕೆ ಒಬ್ಬ ಬೇಕು. ಬೆಳಿಗ್ಗೆ ಎಂಟಕ್ಕೆ ರೆಡಿ ಇರ್ತೀಯಾ?

ಇಂತಿ ನಿನ್ನ,
ಥರ್ಡ್ ಗೇರ್