ಟೈಮ್ ಮುಗಿದರೆ ಗೆದ್ದವರು ಯಾರು? ನಮ್ಮ ಟೂರ್ನಮೆಂಟ್ ನಿಯಮ ಬದಲಾಗುತ್ತಿದೆ

ಪ್ರಿಯ ಪೋಷಕರೇ, ಮಕ್ಕಳ ಜೊತೆ ತಾವೂ ಆಡುವ ದೊಡ್ಡವರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಭಾನುವಾರದ ಆನ್‌ಲೈನ್ ಚೆಸ್ ಟೂರ್ನಮೆಂಟು ಚೆಸ್.ಕಾಮ್ ಬಿಟ್ಟು ಲಿಚೆಸ್ ಅನ್ನುವ ವೆಬ್‌ಸೈಟಿನಲ್ಲಿ ನಡೆಯುತ್ತದೆ. ತಕರಾರು ಬಂದರೆ ತೀರ್ಪು ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮ ಪುಸ್ತಕದ ಪ್ರಕಾರ. ಫೀಸು ಹೆಚ್ಚಾಗುವುದಿಲ್ಲ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಕೇಳುವವರಿಗೆ ಮುಂದಿನದನ್ನು ಹೇಳಲೇಬೇಕು, ತಪ್ಪು ನಮ್ಮದಾಗಿತ್ತು.

ಹೋದ ಟೂರ್ನಮೆಂಟಿನ ಕೊನೇ ಸುತ್ತು. ಬಿಳಿ ಆಡುತ್ತಿದ್ದ ಹುಡುಗಿಯ ಹತ್ತಿರ ಉಳಿದಿದ್ದು ರಾಜ ಮತ್ತು ಒಂದು ಕುದುರೆ. ಕಪ್ಪು ಆಡುತ್ತಿದ್ದ ಹುಡುಗನ ಹತ್ತಿರ ರಾಜ ಮತ್ತು ಒಂದು ಕಾಲಾಳು. ಆ ಕಾಲಾಳು ಮಂತ್ರಿಯಾಗಲು ಇನ್ನೆರಡು ಹೆಜ್ಜೆ ಬಾಕಿ ಇರುವಾಗ ಹುಡುಗನ ಟೈಮ್ ಮುಗಿಯಿತು. ಪರದೆ ಮೇಲೆ ‘ಡ್ರಾ’ ಅಂತ ಬಂತು. ಹುಡುಗಿಯ ಅಪ್ಪ ಫೋನ್ ಮಾಡಿದರು: “ಸರ್, ಟೈಮ್ ಮುಗಿದಿದ್ದು ಅವನದು. ಇವಳಿಗ್ಯಾಕೆ ಅರ್ಧ ಪಾಯಿಂಟು?”

ನಾವು ಮೂವರೂ ಸೇರಿ ಏನು ಮಾಡಿದೆವು ಗೊತ್ತಾ? ಯಾರು ಬೇಕಾದರೂ ತಿದ್ದಬಹುದಾದ ಒಂದು ಆನ್‌ಲೈನ್ ವಿಶ್ವಕೋಶ ತೆರೆದೆವು. ಒಂದೇ ಕುದುರೆಯಿಂದ ಚೆಕ್‌ಮೇಟ್ ಆಗುವುದಿಲ್ಲ, ಹಾಗಾಗಿ ಎದುರಾಳಿಯ ಟೈಮ್ ಮುಗಿದರೂ ಡ್ರಾ ಅಂತ ಅಲ್ಲಿ ಒಂದು ಸಾಲಿತ್ತು. ಪಕ್ಕದಲ್ಲಿ ಅಡಿಟಿಪ್ಪಣಿಯ ಸಂಖ್ಯೆ ಕೂಡ ಇತ್ತು. ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ ಕೈತೊಳೆದುಕೊಂಡೆವು.

ನಾಲ್ಕು ದಿನ ಬಿಟ್ಟು ಅದೇ ಅಪ್ಪ ಒಂದು ಫೋಟೋ ಕಳಿಸಿದರು. ಊಟದ ಮೇಜಿನ ಮೇಲೆ ಚೆಸ್ ಬೋರ್ಡು, ಪಕ್ಕದಲ್ಲಿ ಅರ್ಧ ಕುಡಿದ ಕಾಫಿ ಲೋಟ. ಬೋರ್ಡಿನ ಮೇಲೆ ನಾಲ್ಕೇ ಕಾಯಿ. ಬಿಳಿ ರಾಜ ಎಫ್1, ಬಿಳಿ ಕುದುರೆ ಜಿ3, ಕಪ್ಪು ರಾಜ ಎಚ್1, ಕಪ್ಪು ಕಾಲಾಳು ಎಚ್2. ನೀವೂ ಇಟ್ಟು ನೋಡಿ. ಕುದುರೆ ಚೆಕ್ ಕೊಟ್ಟಿದೆ. ಜಿ1, ಜಿ2 ಎರಡನ್ನೂ ಬಿಳಿ ರಾಜ ಕಾಯುತ್ತಿದ್ದಾನೆ. ಎಚ್2ರಲ್ಲಿ ಕಪ್ಪು ರಾಜನದೇ ಕಾಲಾಳು ಅಡ್ಡ ನಿಂತಿದೆ. ಕಪ್ಪು ಕಾಲಾಳು ಹಿಂದಕ್ಕೆ ಹೊಡೆಯುವ ಹಾಗಿಲ್ಲ, ಕುದುರೆ ಬಚಾವ್. ಚೆಕ್‌ಮೇಟ್! ಅದೂ ಒಂದೇ ಕುದುರೆಯಲ್ಲಿ. ಕಪ್ಪಿನವನು ಇಷ್ಟು ಪೆದ್ದಾಗಿ ಆಡುತ್ತಾನಾ ಅಂತ ಕೇಳಬಹುದು. ನಿಯಮ ಆ ಪ್ರಶ್ನೆಯನ್ನೇ ಕೇಳುವುದಿಲ್ಲ.

2023ರ ಜನವರಿ 1ರಿಂದ ಜಾರಿಯಲ್ಲಿರುವ ಫಿಡೆ ನಿಯಮಗಳಲ್ಲಿ 6.9 ಹೇಳುವುದು ಇಷ್ಟೇ: ಟೈಮ್ ಮುಗಿದವರು ಸೋತರು. ನಿಯಮದೊಳಗೆ ಹೇಗೇ ಆಡಿದರೂ ಎದುರಾಳಿ ಅವರಿಗೆ ಮೇಟ್ ಕೊಡಲು ಸಾಧ್ಯವೇ ಇಲ್ಲ ಅನ್ನುವಂತಿದ್ದರೆ ಮಾತ್ರ ಡ್ರಾ. ತಮಾಷೆ ನೋಡಿ, ಆ ಹುಡುಗನ ಹತ್ತಿರ ಕಾಲಾಳಿನ ಬದಲು ಮಂತ್ರಿ ಇದ್ದಿದ್ದರೆ ಡ್ರಾ ಆಗುತ್ತಿತ್ತು. ಮಂತ್ರಿ ಎದುರಿಗಿದ್ದಾಗ ಒಂಟಿ ಕುದುರೆಗೆ ಮೇಟ್ ಕಟ್ಟಲು ಆಗುವುದೇ ಇಲ್ಲ. ಆನೆ ಇದ್ದಿದ್ದರೆ ಮತ್ತೆ ಸೋಲು!

ಚೆಸ್.ಕಾಮ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ಎದುರಾಳಿಯ ಹತ್ತಿರ ರಾಜನ ಜೊತೆ ಬರೀ ಒಂದು ಕುದುರೆಯೋ ಒಂದು ಒಂಟೆಯೋ ಇದ್ದರೆ, ನಿಮ್ಮ ಟೈಮ್ ಮುಗಿದರೂ ಡ್ರಾ. ಅಮೆರಿಕದ ಚೆಸ್ ಫೆಡರೇಶನ್ನಿನ ನಿಯಮವೂ ಹೆಚ್ಚುಕಡಿಮೆ ಹೀಗೇ. ಅದನ್ನು ತಪ್ಪು ಅನ್ನಲಾಗದು. ಅವರ ಅಂಗಳ, ಅವರ ಆಟ. ನಮ್ಮ ಮನೆಗಳಲ್ಲಿ ತಾತಂದಿರು ಕಲಿಸಿದ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು, ರಾಜ ಒಂದು ಸಲ ಕುದುರೆ ಥರ ಹಾರಬಹುದಿತ್ತು, ಅಲ್ವಾ? ಆದರೆ ನಿಮ್ಮ ಮಕ್ಕಳು ನಾಳೆ ಜಿಲ್ಲಾ ಟೂರ್ನಮೆಂಟಿಗೆ ಹೋದರೆ ಆರ್ಬಿಟರ್ (ತೀರ್ಪುಗಾರರು) ಕೈಯಲ್ಲಿರುವುದು ಫಿಡೆ ಪುಸ್ತಕ. ಇಲ್ಲೊಂದು ಅಲ್ಲೊಂದು ಕಲಿಸಿ ಮಕ್ಕಳ ತಲೆ ಕೆಡಿಸುವುದು ಬೇಡ ಅಂತ ತೀರ್ಮಾನಿಸಿದೆವು. ಟೈಮ್ ಮುಗಿಯುವ ವಿಷಯದಲ್ಲಿ ಲಿಚೆಸ್ ಫಿಡೆ ದಾರಿಯಲ್ಲೇ ಹೋಗುತ್ತದೆ. ಪೂರ್ತಿ ಉಚಿತ, ಜಾಹೀರಾತೂ ಇಲ್ಲ.

ಈಗ ಆ ಅಡಿಟಿಪ್ಪಣಿಯ ಕಥೆ. ಫೋಟೋ ಬಂದ ಮೇಲೆ ಅದನ್ನು ಒತ್ತಿ ನೋಡಿದೆವು. ತೆರೆದುಕೊಂಡಿದ್ದು ಯಾವುದು? ಮಕ್ಕಳಿಗೆ ಅಂತ ನಾವೇ ಹಿಂದೆ ಬರೆದಿದ್ದ ಎರಡು ಪುಟದ ಕೈಪಿಡಿ! ಪುಟದ ‘ಇತಿಹಾಸ’ ತೆಗೆದರೆ, ಆ ಸಾಲು ಸೇರಿಸಿದ್ದು ನಮ್ಮದೇ ಹಳೇ ವಿದ್ಯಾರ್ಥಿ. ಪಾಪ, ಒಳ್ಳೇ ಮನಸ್ಸಿನಿಂದಲೇ ಸೇರಿಸಿದ್ದಾನೆ. ಅಂದರೆ ನಾವು ನಮ್ಮ ತಪ್ಪನ್ನೇ ಸಾಕ್ಷಿಗೆ ಕರೆದು, ಅದರ ಮಾತು ನಂಬಿ ತೀರ್ಪು ಕೊಟ್ಟಿದ್ದೆವು.

ಹಾಗಂತ ಜನ ಸೇರಿ ಬರೆಯುವ ವಿಶ್ವಕೋಶಗಳೇ ಕೆಟ್ಟವು ಅಂತ ನಾವು ಹೇಳುತ್ತಿಲ್ಲ. 2005ರಲ್ಲಿ ‘ನೇಚರ್’ ಪತ್ರಿಕೆ 42 ವಿಜ್ಞಾನ ಬರಹಗಳನ್ನು ತಜ್ಞರಿಂದ ಹೋಲಿಸಿ ನೋಡಿಸಿತ್ತು. ಸರಾಸರಿ ಒಂದು ಬರಹಕ್ಕೆ ವಿಕಿಪೀಡಿಯದಲ್ಲಿ ಸುಮಾರು ನಾಲ್ಕು ತಪ್ಪು, ಬ್ರಿಟಾನಿಕದಲ್ಲಿ ಸುಮಾರು ಮೂರು. ಬ್ರಿಟಾನಿಕದವರು ಈ ಲೆಕ್ಕ ಒಪ್ಪಲಿಲ್ಲ, ಅದು ಬೇರೆ ಮಾತು. ಆದರೆ ನಮ್ಮನ್ನೇ ಆಧಾರ ಅಂತ ತೋರಿಸಬೇಡಿ, ನಾವು ಕೊಟ್ಟ ಮೂಲಕ್ಕೆ ಹೋಗಿ ನೋಡಿ ಅಂತ ವಿಕಿಪೀಡಿಯದವರೇ ಹೇಳುತ್ತಾರೆ. ಅಡಿಟಿಪ್ಪಣಿ ಇದೆಯಾ ಅಂತ ನೋಡಿದ ನಾವು, ಅದು ಎಲ್ಲಿಗೆ ಹೋಗುತ್ತದೆ ಅಂತ ನೋಡಲಿಲ್ಲ. ಒಂದು ಕ್ಲಿಕ್ಕಿನ ಸೋಮಾರಿತನ.

ಇನ್ನು ಮೇಲೆ ನಾವು ಕೊಡುವ ಪ್ರತಿ ತೀರ್ಪಿನ ಜೊತೆ ಫಿಡೆ ನಿಯಮದ ಸಂಖ್ಯೆ ಇರುತ್ತದೆ. ಇಲ್ಲದಿದ್ದರೆ ಕೇಳಿ, ಬೇಜಾರಿಲ್ಲ.

ಮಕ್ಕಳಿಗೆ ಒಂದು ವಿಷಯ ಮರೆಯದೆ ಹೇಳಿ. ಚೆಸ್.ಕಾಮ್‌ನಲ್ಲಿ ಬೋರ್ಡಿನ ಮೇಲೆ ಕಾಯಿಗಳ ಒಂದೇ ಸ್ಥಿತಿ ಮೂರು ಸಲ ಬಂದರೆ ಆಟ ತಾನಾಗಿಯೇ ಡ್ರಾ. ಲಿಚೆಸ್‌ನಲ್ಲಿ ಹಾಗಲ್ಲ, ಡ್ರಾ ಬೇಕು ಅಂತ ಕೇಳಬೇಕು. ಫಿಡೆಯಲ್ಲೂ ಹಾಗೇ. ಐದು ಸಲ ಬಂದರೆ ಮಾತ್ರ ಯಾರೂ ಕೇಳದೆ ಡ್ರಾ. ಬಟನ್ ಒತ್ತಲು ಮರೆಯುವ ಮಕ್ಕಳಿಗೆ ಲಿಚೆಸ್‌ನ ಸೆಟ್ಟಿಂಗ್ಸ್‌ನಲ್ಲಿ ಅದು ಯಾವಾಗಲೂ ತಾನೇ ಕೇಳುವ ಹಾಗೆ ಇಡಬಹುದು. ಆದರೆ ಜಿಲ್ಲಾ ಟೂರ್ನಮೆಂಟಿನಲ್ಲಿ ಸೆಟ್ಟಿಂಗ್ಸ್ ಇರುವುದಿಲ್ಲ, ಹಾಗಾಗಿ ಬಾಯಿ ಬಿಟ್ಟು ಕೇಳುವುದು ಈಗಲೇ ರೂಢಿಯಾದರೆ ಒಳ್ಳೆಯದು.

ಕರೆಂಟು, ನೆಟ್ಟು ಹೋದರೆ? ಆ ನಿಯಮ ಬದಲಾಗಿಲ್ಲ, ಗಡಿಯಾರ ಓಡುತ್ತಲೇ ಇರುತ್ತದೆ. 2020ರ ಆನ್‌ಲೈನ್ ಒಲಿಂಪಿಯಾಡ್ ಫೈನಲ್‌ನಲ್ಲಿ ನೆಟ್ ಕೈಕೊಟ್ಟು ನಮ್ಮ ನಿಹಾಲ್ ಸರೀನ್, ದಿವ್ಯಾ ದೇಶಮುಖ್ ಟೈಮ್ ಕಳೆದುಕೊಂಡರು. ಮೇಲ್ಮನವಿ ಹೋದ ಮೇಲೆ ಭಾರತ, ರಷ್ಯಾ ಎರಡಕ್ಕೂ ಚಿನ್ನ ಕೊಟ್ಟರು. ಅಷ್ಟು ಚಿನ್ನ ನಮ್ಮ ಹತ್ತಿರ ಇಲ್ಲ.

ಹುಡುಗಿಗೆ ಬರಬೇಕಿದ್ದ ಅರ್ಧ ಪಾಯಿಂಟು ಸೇರಿಸಿದ್ದೇವೆ. ಅವಳು ಎರಡನೇ ಸ್ಥಾನಕ್ಕೆ ಬಂದಳು. ಸರ್ಟಿಫಿಕೇಟು ಅಂಚೆಯಲ್ಲಿ ಹೊರಟಿದೆ. ಪುಸ್ತಕದ ಪ್ರಕಾರ ಹುಡುಗನ ಅರ್ಧ ಪಾಯಿಂಟು ಕಳೆಯಬೇಕಿತ್ತು. ಕಳೆದಿಲ್ಲ. ತಪ್ಪು ನಮ್ಮದು, ಶಿಕ್ಷೆ ಅವನಿಗ್ಯಾಕೆ? ಒಟ್ಟು ಕೂಡಿದರೆ ಆ ಸುತ್ತಿನಲ್ಲಿ ಅರ್ಧ ಪಾಯಿಂಟು ಜಾಸ್ತಿ ಬರುತ್ತದೆ. ಲೆಕ್ಕ ತಪ್ಪಿದೆ ಅಂತ ಯಾರೂ ಫೋನ್ ಮಾಡಬೇಡಿ.

ಈ ತಿಂಗಳ ಕೊನೆಯೊಳಗೆ ಲಿಚೆಸ್‌ನಲ್ಲಿ ಖಾತೆ ತೆರೆದು ಆ ಹೆಸರನ್ನು ನಮಗೆ ಕಳಿಸಿ. ಮಗುವಿನ ಪೂರ್ತಿ ಹೆಸರು, ಹುಟ್ಟಿದ ಇಸವಿ ಅದರಲ್ಲಿ ಬೇಡ. ಕಷ್ಟ ಆದರೆ ಶನಿವಾರ ಸಂಜೆ ತರಗತಿ ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿ, ಮಾಡಿಕೊಡುತ್ತೇವೆ.

ನಿಮ್ಮ,
ಭಾನುವಾರದ ಚೆಸ್ ತರಗತಿಯವರು

ಮರೆತ ಮಾತು: ವಿಶ್ವಕೋಶದ ಆ ಸಾಲನ್ನು ಹಳೇ ವಿದ್ಯಾರ್ಥಿಯೇ ಸರಿಮಾಡಿದ್ದಾನೆ. ಈ ಸಲ ಅಡಿಟಿಪ್ಪಣಿ ಫಿಡೆ ಪುಸ್ತಕಕ್ಕೇ ಹೋಗುತ್ತದೆ. ನೀವು ನೋಡುವ ಹೊತ್ತಿಗೆ ಮತ್ತೆ ಯಾರಾದರೂ ತಿದ್ದಿದ್ದರೆ ನಮ್ಮನ್ನು ಬೈಯಬೇಡಿ.